ಎರಡಕ್ಷರದ ಕರೆಕ್ಷನ್

ಮೊನ್ನೆ ಹುಣಸೂರಿನಲ್ಲಿ ಬಸ್ ಬದಲಿಸುವಾಗ ಮಗಳ ಹಾಲ್‌ಟಿಕೆಟ್ ಪ್ರಿಂಟ್ ತೆಗೆಸಬೇಕಾಗಿತ್ತು. ಬಸ್‌ಸ್ಟ್ಯಾಂಡಿನ ಎದುರಿಗೆ ಕಂಡ ಜೆರಾಕ್ಸ್ ಅಂಗಡಿಗೆ ನುಗ್ಗಿದೆವು. ಲೇಸರ್ ಪ್ರಿಂಟರಿನಿಂದ ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು, ಇಂಕಿನ ಪುಡಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅಂಗಡಿಯ ಹುಡುಗಿ ಹಾಳೆಯನ್ನು ನನ್ನ ಕಡೆ ಚಾಚಿ, "ನೋಡ್ಕಳಿ ಆಂಟಿ, ಏನಾರ ಕರೆಕ್ಷನ್ ಇದ್ಯಾ?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಹಾಲ್‌ಟಿಕೆಟ್ಟಿಗೆ ಎಂಥ ಕರೆಕ್ಷನ್ನಮ್ಮ? ಯಾರ ನಂಬರು ತೆಗೆದು ಯಾರಿಗೆ ಹಾಕ್ತೀಯ?" ಅಂತ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ. ಮಗಳು ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಬಸ್ಸು ಬಿಳಿಕೆರೆ ದಾಟುವವರೆಗೂ ಅವಳು ಮುಖ ಊದಿಸಿಕೊಂಡು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ನಾನೇ ಬಾಯಿ ಬಿಟ್ಟೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಗಳ ಮುಂದೆ ಆಡಬಾರದೆಂದು ನುಂಗಿಕೊಂಡ ಮಾತುಗಳನ್ನೂ ಸೇರಿಸಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಕೆ.ಆರ್. ನಗರದ ಹತ್ತಿರದ ಮಿರ್ಲೆಯವಳು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ಸಸಿ ಕಂಪನಿಯ ಲ್ಯಾಬಿಗೆ ಸೇರಿದ್ದೆ. ಹೊಗೆಸೊಪ್ಪಿನ ಸಸಿಗಳನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸಿ ರೈತರಿಗೆ ಮಾರುವ ಖಾಸಗಿ ಕಂಪನಿ ಅದು. ಈಗ ಬಾಗಿಲು ಹಾಕಿದೆ, ಹೆಸರು ಬೇಡ. ನೆರಳು ಪರದೆ ಕಟ್ಟಿ ಸಸಿ ಬೆಳೆಸುತ್ತಿದ್ದ ಆ ಜಾಗಕ್ಕೆ ಊರವರೆಲ್ಲ ‘ಫಾರಂ’ ಅನ್ನುತ್ತಿದ್ದರು. ಆಟೋದವರಿಗೆ ‘ಫಾರಂ’ ಅಂದರೆ ಸಾಕು, ಇನ್ನೊಂದು ಮಾತು ಕೇಳದೆ ತಂದು ನಮ್ಮ ಗೇಟಿನ ಮುಂದೆ ಇಳಿಸುತ್ತಿದ್ದರು. ರೈತನ ಜಮೀನಿಗೆ ನಮ್ಮ ಕಡೆ ಯಾರೂ ಫಾರಂ ಅನ್ನುವುದಿಲ್ಲ, ಹೊಲ ಅನ್ನುತ್ತಾರೆ, ಗದ್ದೆ ಅನ್ನುತ್ತಾರೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಇಡೀ ಅನ್ಯಾಯ ನಡೆದದ್ದೇ ಈ ಒಂದು ಪದದ ಮೇಲೆ.

ಲ್ಯಾಬಿಗೊಬ್ಬರು ಮುಖ್ಯಸ್ಥರಿದ್ದರು. ಡಾಕ್ಟರು ಅಂತಷ್ಟೇ ಕರೆಯುತ್ತೇನೆ, ಹೆಸರೆತ್ತಿ ಬಾಯಿ ಕೆಡಿಸಿಕೊಳ್ಳುವುದಿಲ್ಲ. ಬಹುವಚನ ನಾಲಿಗೆಗೆ ರೂಢಿಯಾಗಿಬಿಟ್ಟಿದೆ, ಗೌರವ ಅಂದುಕೊಳ್ಳಬೇಡಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಮಾತಿಗೊಂದು ಸಲ "ವಿಜ್ಞಾನದಲ್ಲಿ ಸೆಂಟಿಮೆಂಟಿಗೆ ಜಾಗ ಇಲ್ಲ ಪದ್ಮಾ" ಅನ್ನುತ್ತಿದ್ದರು. ನಾನು ಪೆದ್ದಿ, ಅದನ್ನು ನಂಬಿದ್ದೆ.

ಆ ವರ್ಷ ಭರಣಿ ಮಳೆ ಹದವಾಗಿ ಬಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಕೆಂಪು ನೆಲವೆಲ್ಲ ಉತ್ತು ಸಾಲು ಹೊಡೆದು ಕಾಯುತ್ತಿತ್ತು. ಹಾರನಹಳ್ಳಿಯಲ್ಲಿ ನನ್ನ ಸೋದರಮಾವನದೂ ಹೊಗೆಸೊಪ್ಪಿನ ಹೊಲವಿತ್ತು. ಸಸಿ ನೆಡಲು ಪ್ರತಿ ವರ್ಷ ಕೋಟೆಯ ಕಡೆಯಿಂದ, ಅಂದರೆ ಎಚ್.ಡಿ. ಕೋಟೆಯ ಹಳ್ಳಿಗಳಿಂದ, ಹೆಂಗಸರ ಒಂದು ಗುಂಪು ಬರುತ್ತಿತ್ತು. ಗುಂಪಿನ ಮುಖ್ಯಸ್ಥೆ ದೇವೀರಮ್ಮ. ಎತ್ತರದ ಆಳು, ಗಟ್ಟಿ ದನಿ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆಯ ಸಂಚಿ. ಟೆಂಪೋದಿಂದ ಇಳಿದವರೇ ಸೆರಗು ಕಟ್ಟಿ ಸಾಲಿಗೆ ಬಿದ್ದರೆ ಹೊತ್ತು ಮುಳುಗುವುದರೊಳಗೆ ಹೊಲ ಹಸಿರಾಗುತ್ತಿತ್ತು. ದೇವೀರಮ್ಮನ ಕೈಗುಣ ಒಳ್ಳೆಯದು, ಅವರು ಊರಿದ ಸಸಿ ಬಾಡುವುದಿಲ್ಲ ಅಂತ ಹಾರನಹಳ್ಳಿಯವರು ನಾಮುಂದು ತಾಮುಂದು ಅಂತ ಆ ಗುಂಪನ್ನು ಕರೆಸಿಕೊಳ್ಳುತ್ತಿದ್ದರು. ನೆಡುವುದು, ಕಳೆ ತೆಗೆಯುವುದು, ಆಮೇಲೆ ಸೊಪ್ಪು ಮುರಿಯುವುದು, ಎಲ್ಲಕ್ಕೂ ಅವರೇ. ಆ ಹೆಂಗಸರ ಮನೆಗಳಲ್ಲಿ ವರ್ಷದ ಒಲೆ ಉರಿಯುತ್ತಿದ್ದದ್ದು ಇದರಿಂದ.

ರೋಹಿಣಿ ಮಳೆಯ ಹೊತ್ತಿಗೆ ನಂಜು, ಅಂದರೆ ವೈರಸ್ ರೋಗ, ಕಾಣಿಸಿತು. ಎಳೆ ಎಲೆಯ ಮೇಲೆ ಅಲ್ಲಲ್ಲಿ ತಿಳಿಹಸಿರು, ಅಲ್ಲಲ್ಲಿ ಕಡುಹಸಿರು, ತೇಪೆ ಹಾಕಿದ ಹಾಗೆ. ಎಲೆಯ ಅಂಚು ಸೊಟ್ಟಗಾಗಿ ಗಿಡ ಕುಳ್ಳಗೇ ನಿಂತುಬಿಡುತ್ತಿತ್ತು. ಅಂಥ ಸೊಪ್ಪನ್ನು ಗೂಡಿನ ಬಿಸಿಯಲ್ಲಿ ಬೇಯಿಸಿ ಹದಮಾಡಿದರೂ ಬಣ್ಣ ಬರುವುದಿಲ್ಲ. ಇದು ಕೀಟದಿಂದ ಬರುವುದಲ್ಲ, ಮುಟ್ಟಿದರೆ ಹರಡುವ ರೋಗ. ರೈತರು ಗುಂಪು ಕಟ್ಟಿಕೊಂಡು ಕಂಪನಿಯ ಗೇಟಿಗೆ ಬಂದರು. "ನಿಮ್ ಸಸಿನೇ ನಂಜಿಂದಾ, ಇಲ್ಲಾ ನಮ್ ವಲ್ದಲ್ ಬಂತಾ, ಅದ್ನ ಬಾಯ್ಬುಟ್ ಯೋಳಿ" ಅಂತ ಪಟ್ಟು ಹಿಡಿದರು.

ಡಾಕ್ಟರು ಅಲ್ಲೇ ಗೇಟಿನ ಹತ್ತಿರ ನಿಂತು ತೀರ್ಪು ಕೊಟ್ಟರು. ನೆಡುವ ಹೆಂಗಸರು ಹೊಗೆಸೊಪ್ಪು ಅಗಿಯುತ್ತಾರೆ, ಒಣ ಸೊಪ್ಪಿನಲ್ಲೂ ನಂಜು ಬದುಕಿರುತ್ತದೆ, ಅದೇ ಕೈಯಲ್ಲಿ ಸಸಿ ಮುಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಇದು ಪೂರಾ ಸುಳ್ಳಲ್ಲ, ಹಾಗೂ ಆಗುವುದುಂಟು. ಅರ್ಧ ನಿಜವಾದ್ದರಿಂದಲೇ ಜನ ಗಪ್ಪನೆ ನುಂಗಿಕೊಂಡರು. ವಾರ ಕಳೆಯುವುದರೊಳಗೆ ದೇವೀರಮ್ಮನ ‘ಕೈಗುಣ’ ಹೋಗಿ ‘ಕೈನಂಜು’ ಆಯಿತು. ನಿನ್ನೆಯವರೆಗೆ ಕರೆದು ಮಜ್ಜಿಗೆ ಕೊಡುತ್ತಿದ್ದವರು ಅವರು ಬಂದರೆ ನೀರಿನ ಚೊಂಬನ್ನು ದೂರ ಇಡತೊಡಗಿದರು. ಕಳೆ ತೆಗೆಯಲು ಬೇರೆಯವರನ್ನು ಕರೆಯುವ ಮಾತು ಶುರುವಾಯಿತು.

"ಪರೀಕ್ಷೆ ಮಾಡೋಣ ಸಾರ್" ಅಂದವಳು ನಾನೇ. ಡಾಕ್ಟರು ಒಪ್ಪಿದರು, ಯಾಕೆಂದರೆ ರೈತರ ಮುಂದೆ ಹಿಡಿಯಲು ಅವರಿಗೊಂದು ಚಿತ್ರ ಬೇಕಾಗಿತ್ತು. ಪಿರಿಯಾಪಟ್ಟಣದ ಹತ್ತಿರದ ಒಂದು ಹೊಲದಿಂದ ಎಲೆ ತಂದೆ, ಹಾರನಹಳ್ಳಿಯ ಮಾವನ ಹೊಲದಿಂದ ತಂದೆ. ನಮ್ಮ ಫಾರಮ್ಮಿನಲ್ಲಿ ಮಾರಾಟವಾಗದೆ ಉಳಿದಿದ್ದ ಟ್ರೇಗಳಿಂದಲೂ ಎಲೆ ಕಿತ್ತೆ. ಸಸಿ ಗಟ್ಟಿಯಾಗಲಿ ಅಂತ ಅಲ್ಲಿ ಎಲೆಯ ತುದಿಗಳನ್ನು ಕತ್ತರಿಸುತ್ತಾರೆ. ಒಂದು ಟ್ರೇ ಮುಗಿಸಿ ಅದೇ ಕತ್ತರಿಯನ್ನು ಇನ್ನೊಂದಕ್ಕೆ ಹಾಕುತ್ತಿದ್ದರು, ನಡುವೆ ತೊಳೆಯುವ ಮಾತೇ ಇರಲಿಲ್ಲ. ನೋಡಿದಾಗಲೇ ನನಗೆ ಅನುಮಾನ ಬಂದಿತ್ತು.

ಕೊನೆಗೆ ದೇವೀರಮ್ಮನ ಹತ್ತಿರ ಹೋಗಿ, ನಿಮ್ಮ ಸಂಚಿಯಿಂದ ಒಂದು ಚೂರು ಹೊಗೆಸೊಪ್ಪು ಕೊಡಿ ಅಂದೆ. ಮಾವನ ಹೊಲದ ಬದುವಿನ ಮೇಲೆ ಕೂತಿದ್ದರು. ಮೊದಲು ನಕ್ಕರು.

"ಮೇಡಮ್ಮಾರ್ಗೆ ಬಾಯಾಡ್ಸೋ ಅಭ್ಯಾಸ ಯಾವಾಗ್ನಿಂದ?"

"ಅಗಿಯೋಕಲ್ಲ ದೇವೀರಮ್ಮ. ನಿಮ್ಮ ಸೊಪ್ಪಿನ ನಂಜೂ ಹೊಲದ ನಂಜೂ ಒಂದೇನಾ ಅಂತ ನೋಡೋಕೆ."

ಅವರ ನಗು ನಿಂತಿತು. ಸಂಚಿ ಬಿಚ್ಚಿ ಚೂರಲ್ಲ, ಒಂದು ಹಿಡಿಯನ್ನೇ ನನ್ನ ಕವರಿಗೆ ಸುರಿದರು. "ನೋಡಿ. ನಮ್ದೇ ತಪ್ಪು ಅಂದ್ರೆ ಒಪ್ಕತೀವಿ. ಆದ್ರೆ ನ್ಯಾಯ್ವಾಗ್ ನೋಡಿ ಕಣವ್ವ. ಈ ಕೆಲ್ಸ ಓದ್ರೆ ನಮ್ಗೆ ವರ್ಸದ್ ಅನ್ನನೇ ಓಯ್ತದೆ."

ನ್ಯಾಯವಾಗಿ ನೋಡುತ್ತೇನೆ ಅಂತ ನಾನು ಮಾತು ಕೊಟ್ಟೆ. ನೋಡಿದೆ ಕೂಡ.

ಎಲೆಗಳಿಂದ ತೆಗೆದ ರಸವನ್ನು ಬೆಂಗಳೂರಿನ ಒಂದು ದೊಡ್ಡ ಲ್ಯಾಬಿಗೆ ಕಳಿಸಿದೆವು. ಪ್ರತಿ ನಂಜಾಣುವಿನ ಒಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಉದ್ದ ಸಾಲಿರುತ್ತದೆ. ಆ ಸಾಲನ್ನು ಅವರು ಓದಿ ಫ್ಲಾಪಿಯಲ್ಲಿ ಹಾಕಿ ಕಳಿಸಿದರು. ಸಾಲು ಸಾಲನ್ನೂ ಹೋಲಿಸಿ, ಯಾವ ನಂಜಿಗೆ ಯಾವುದು ಹತ್ತಿರದ ನೆಂಟ ಅಂತ ಕವಲು ಕವಲಾಗಿ ಚಿತ್ರ ಬರೆದುಕೊಡುವ ಒಂದು ಸಾಫ್ಟ್‌ವೇರ್ ನಮ್ಮಲ್ಲಿತ್ತು. ಬಿಟ್ಟಿ ಸಿಕ್ಕಿದ್ದು, ಯಾರೋ ಸಿ.ಡಿ.ಯಲ್ಲಿ ಹಾಕಿಕೊಟ್ಟಿದ್ದರು. ಅದಕ್ಕೊಂದು ಹಟವಿತ್ತು. ಸ್ಯಾಂಪಲ್ಲಿನ ಹೆಸರು ಇಂಗ್ಲಿಷಿನಲ್ಲಿ ಹತ್ತೇ ಅಕ್ಷರ ಇರಬೇಕು, ಹನ್ನೊಂದನೆಯದನ್ನು ಕತ್ತರಿಸಿ ಬಿಸಾಕುತ್ತಿತ್ತು. ಹಾಗಾಗಿ ಪಿರಿಯಾಪಟ್ಟಣದ ಕೊನೆಯ ‘ಎ’ ಬಿದ್ದುಹೋಯಿತು, ಹಾರನಹಳ್ಳಿಯ ಕೊನೆಯ ‘ಐ’ ಬಿದ್ದುಹೋಯಿತು. ದೇವೀರಮ್ಮನ ಸೊಪ್ಪಿಗೆ ‘ಚೂಯಿಂಗ್‌ಲೀಫ್’ ಅಂತ ಬರೆದಿದ್ದೆ, ಅದರ ‘ಎಫ್’ ಹೋಯಿತು. ನಮ್ಮ ಫಾರಮ್ಮಿನ ಸಸಿಗೆ ‘ಹುಣಸೂರ್‌ಫಾರ್ಮ್’. ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿ, ಸರಿಯಾಗಿ ಹತ್ತು. ಒಂದಕ್ಷರವೂ ಉದುರಲಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿದಾಗ ನಾನು ಕುರ್ಚಿ ಬಿಟ್ಟೆದ್ದು ನಿಂತೆ. ಪಿರಿಯಾಪಟ್ಟಣ, ಹಾರನಹಳ್ಳಿ, ನಮ್ಮ ಫಾರಂ, ಮೂರೂ ಒಂದೇ ಕವಲಿನಲ್ಲಿ ಒತ್ತಾಗಿ ಕೂತಿದ್ದವು. ದೇವೀರಮ್ಮನ ಸೊಪ್ಪಿನ ನಂಜು ಬುಡದಲ್ಲೇ ಕವಲೊಡೆದು, ಉದ್ದನೆಯ ಗೆರೆ ಎಳೆದುಕೊಂಡು ದೂರದಲ್ಲಿ ಒಂಟಿಯಾಗಿತ್ತು. ಹೊಲದ ನಂಜು ಅವರ ಸಂಚಿಯಿಂದ ಬಂದದ್ದಲ್ಲ, ನಮ್ಮ ಕತ್ತರಿಯಿಂದ ಬಂದದ್ದು.

ಇನ್ನು ಅದನ್ನು ಪ್ರಿಂಟ್ ಮಾಡಬೇಕಿತ್ತು. ಅಯ್ಯೋ, ಆ ಪ್ರಿಂಟಿನ ಪಾಡು! ಲ್ಯಾಬಿನಲ್ಲಿದ್ದದ್ದು ಸಂಬಳದ ಚೀಟಿ ಹೊಡೆಯುವ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಸಾಫ್ಟ್‌ವೇರ್ ನನ್ನನ್ನು ‘ನಿನ್ನ ಹತ್ತಿರ ಯಾವ ಪ್ರಿಂಟರ್ ಇದೆ’ ಅಂತ ಕೇಳಿ ಉದ್ದಕ್ಕೆ ಹೆಸರುಗಳನ್ನು ತೋರಿಸುತ್ತಿತ್ತು. ಅದರಲ್ಲಿದ್ದ ಒಂದು ಮೆಷಿನ್ನನ್ನೂ ನಾನು ಕಣ್ಣಿನಿಂದ ಕಂಡಿರಲಿಲ್ಲ. ಅಂದಾಜಿಗೆ ಒಂದನ್ನು ಒತ್ತಿದರೆ ಪ್ರಿಂಟರ್ ಗರಗರ ಅಂತ ಕಿರುಚಿಕೊಂಡು, ಎರಡೂ ಬದಿ ತೂತಿದ್ದ ಮಡಿಕೆ ಹಾಳೆಯ ತುಂಬ ಅಂಕಿ, ಚುಕ್ಕೆ, ಆವರಣ ಚಿಹ್ನೆಗಳನ್ನು ಉಗುಳುತ್ತಿತ್ತು. ಚಿತ್ರ ಬರೆಯುವುದು ಹೇಗೆ ಅಂತ ಹೇಳುವ ಸೂಚನೆಗಳು ಅವು. ನಮ್ಮ ಪ್ರಿಂಟರಿಗೆ ಆ ಭಾಷೆ ಬಾರದೆ ಸೂಚನೆಯನ್ನೇ ಅಚ್ಚು ಹಾಕುತ್ತಿತ್ತು. ಹೊರಗೆ ಮಳೆ, ತಗಡಿನ ಮಾಡಿನ ಮೇಲೆ ಅದರ ಸದ್ದು, ಒಳಗೆ ಇದರ ಸದ್ದು. ನಿಲ್ಲಿಸು ಅಂದರೆ ನಿಲ್ಲದು. ಕೊನೆಗೆ ವಯರ್ ಕಿತ್ತು ಹಾಕಿದೆ. ಆ ಕಾಗದವನ್ನೆಲ್ಲ ಕ್ಯಾಂಟೀನಿನವನು ಬೋಂಡ ಕಟ್ಟಿಕೊಡಲು ಹೊತ್ತುಕೊಂಡು ಹೋದ. ನನ್ನ ಒಂದು ತಿಂಗಳ ಕೆಲಸ ಎಣ್ಣೆ ಕುಡಿಯುತ್ತಿರುವುದನ್ನು ನೋಡಿ ಅಳು ಬರುವಷ್ಟು ಸಿಟ್ಟು ಬಂತು.

ಆಗ ನೆನಪಾದವನು ಲೋಕೇಶ. ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದ, ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡುವವನು. ಅವನ ಹತ್ತಿರ ಲೇಸರ್ ಪ್ರಿಂಟರ್ ಇತ್ತು. ಫ್ಲಾಪಿ ಕೊಟ್ಟೆ. ಲಗ್ನಪತ್ರಿಕೆಗೆ ಗಣಪತಿ ಕೂರಿಸುವ ಸಾಫ್ಟ್‌ವೇರಿನಲ್ಲೇ ನನ್ನ ಫೈಲನ್ನು ತೆರೆದ. ಏನಾಶ್ಚರ್ಯ, ಕವಲು ಕವಲಾಗಿ ಚಿತ್ರ ಬಂದೇಬಿಟ್ಟಿತು.

"ಇದೇನ್ ಮೇಡಂ, ಖಾತೆ ಮಾಡ್ಸಕ್ಕೆ ವಂಶಾವಳಿನಾ?" ಅಂದ.

"ನಂಜಿನ ವಂಶಾವಳಿ ಕಣಪ್ಪ" ಅಂದೆ. ಇಬ್ಬರೂ ನಕ್ಕೆವು.

ಆ ಉದ್ದನೆಯ ಒಂಟಿ ಗೆರೆ ಹಾಳೆಯ ಅಂಚು ದಾಟಿ ಹೋಗುತ್ತಿತ್ತು. ಇಡೀ ಚಿತ್ರವನ್ನು ಒಂದಿಷ್ಟು ಕುಗ್ಗಿಸಿದರೆ ಹಿಡಿಸುತ್ತದೆ ಅಂತ ತೋರಿಸಿದೆ. ಕುಗ್ಗಿಸಿದ, ಹಿಡಿಸಿತು. ಒಂದು ಹಾಳೆ ತೆಗೆದುಕೊಟ್ಟ. ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು ಯಾವುದು ಏನು ಅಂತ ವಿವರಿಸಿದೆ. ಅವರು ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಎಲ್ಲ ಕೇಳಿಸಿಕೊಂಡರು. "ಒಳ್ಳೆ ಕೆಲಸ ಪದ್ಮಾ. ಸಭೆಗೆ ದೊಡ್ಡದಾಗಿ ಪ್ರಿಂಟ್ ಹಾಕಿಸೋಣ. ಲೋಕೇಶನ ಹತ್ರ ನಾನೇ ಮಾತಾಡ್ತೀನಿ, ನೀವು ಊರಿಗೆ ಹೋಗಿ ಬನ್ನಿ, ಸುಸ್ತಾಗಿದೀರ" ಅಂದರು. ನಾನು ಕುಣಿದುಕೊಂಡು ಮಿರ್ಲೆಗೆ ಹೋದೆ. ಅವ್ವನ ಮುಂದೆ ನಮ್ಮ ಡಾಕ್ಟರು ಎಷ್ಟು ಒಳ್ಳೆಯವರು ಅಂತ ಹೊಗಳಿದೆ. ಆ ಹೊಗಳಿಕೆ ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಸಭೆ ಪಿರಿಯಾಪಟ್ಟಣದ ಒಂದು ಸಮುದಾಯ ಭವನದಲ್ಲಿ. ರೈತರು ಕಿಕ್ಕಿರಿದಿದ್ದರು, ಮುಂದಿನ ಸಾಲಿನಲ್ಲಿ ಮಾವನೂ ಇದ್ದ. ದೇವೀರಮ್ಮನಿಗೆ ನಾನೇ ಹೇಳಿ ಕಳಿಸಿದ್ದೆ, ಬನ್ನಿ, ನಿಮ್ಮ ಹೆಸರಿಗೆ ಹತ್ತಿದ ಕಳಂಕ ತೊಳೆದುಹೋಗುತ್ತದೆ ಅಂತ. ಗುಂಪಿನ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಬಂದು ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು.

ವೇದಿಕೆಯ ಮೇಲೆ ಚಿತ್ರ ತೂಗುಹಾಕಿದ್ದರು. ಹಾಳೆಗಳನ್ನು ಅಂಟಿಸಿ ಬಾಗಿಲಿನಷ್ಟು ದೊಡ್ಡದು ಮಾಡಿದ್ದರು. ದೂರದಿಂದ ನೋಡಿದಾಗಲೇ ಏನೋ ಬೋಳು ಬೋಳು ಅನ್ನಿಸಿತು. ಹತ್ತಿರ ಹೋದೆ. ಉದ್ದನೆಯ ಗೆರೆ ಇರಲಿಲ್ಲ, ದೇವೀರಮ್ಮನ ಸೊಪ್ಪು ಚಿತ್ರದಲ್ಲೇ ಇರಲಿಲ್ಲ. ಹುಣಸೂರ್‌ಫಾರ್ಮ್ ಅಂತ ಇದ್ದ ಕಡೆ ಇನ್ನೆರಡು ಅಕ್ಷರ ಬೆಳೆದಿದ್ದವು, ‘ಇ’ ಮತ್ತು ‘ಆರ್’. ಫಾರ್ಮ್ ಹೋಗಿ ಫಾರ್ಮರ್ ಆಗಿತ್ತು. ಹುಣಸೂರಿನ ಫಾರಂ ಹುಣಸೂರಿನ ರೈತ ಆಗಿಬಿಟ್ಟಿದ್ದ!

ಡಾಕ್ಟರು ಮೈಕ್ ಹಿಡಿದು ಸಲೀಸಾಗಿ ಹೇಳುತ್ತಿದ್ದರು. "ನೋಡಿ, ಪಿರಿಯಾಪಟ್ಟಣದ ರೈತ, ಹಾರನಹಳ್ಳಿ ರೈತ, ಹುಣಸೂರು ರೈತ. ಮೂರು ಹೊಲದಲ್ಲೂ ಒಂದೇ ನಂಜು. ಮೂರು ಹೊಲಕ್ಕೂ ಹೋಗಿದ್ದು ಯಾರು? ನೆಡೋರು. ಕಂಪ್ಯೂಟರ್ ಸುಳ್ಳು ಹೇಳಲ್ಲ."

ನಾನು ಚಿತ್ರದ ಪಕ್ಕದಿಂದಲೇ ದನಿಯೆತ್ತಿದೆ. "ಸಾರ್, ಅದು ಫಾರ್ಮರ್ ಅಲ್ಲ, ಫಾರಂ. ನಮ್ಮ ಫಾರಂ. ನಾನೇ ಕಿತ್ತ ಎಲೆ, ನಾನೇ ಬರೆದ ಹೆಸರು. ಸಂಚಿ ಸೊಪ್ಪಿನ ಗೆರೆ ಎಲ್ಲಿ ಹೋಯ್ತು?"

ಡಾಕ್ಟರ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ನಮ್ಮ ಹುಡುಗಿ, ಹೊಸಬಳು, ಚುರುಕು" ಅಂತ ಸಭೆಗೆ ಪರಿಚಯಿಸಿದರು. "ಪದ್ಮಾ, ಈ ಸಾಫ್ಟ್‌ವೇರ್ ಹತ್ತಕ್ಷರಕ್ಕೆ ಹೆಸರು ಕತ್ತರಿಸತ್ತೆ ಅಂತ ಹೇಳಿದ್ದು ನೀವೇ ಅಲ್ವಾ? ಪಿರಿಯಾಪಟ್ಟಣ ಕತ್ತರಿಸಿದೆ, ಹಾರನಹಳ್ಳಿ ಕತ್ತರಿಸಿದೆ. ಹಾಗೇ ಫಾರ್ಮರ್ ಕತ್ತರಿಸಿ ಫಾರ್ಮ್ ಆಗಿತ್ತು. ಜನಕ್ಕೆ ಗೊಂದಲ ಆಗಬಾರದು ಅಂತ ಪೂರ್ತಿ ಮಾಡಿಸಿದೆ."

"ಹಾಗಿದ್ರೆ ಪಿರಿಯಾಪಟ್ಟಣಾನೂ ಹಾರನಹಳ್ಳೀನೂ ಯಾಕೆ ಪೂರ್ತಿ ಮಾಡಿಸಲಿಲ್ಲ? ಅವು ಇನ್ನೂ ಮೊಂಡಾಗೇ ಇದಾವಲ್ಲ!"

ಗೆದ್ದೆ ಅಂದುಕೊಂಡೆ. ಆಗ ಹಿಂದಿನಿಂದ ಯಾರೋ ಒಬ್ಬ, "ಏ ಕೂತ್ಕಳವ್ವ, ಎರಡಕ್ಸರಕ್ ಯಾಕಿಂಗ್ ಕಿತ್ತಾಡೀಯೆ" ಅಂದ. ಇಡೀ ಭವನ ಘೊಳ್ಳೆಂದು ನಕ್ಕಿತು. ಮಾವನೂ ತಲೆ ತಗ್ಗಿಸಿ ನಕ್ಕ. ಎರಡಕ್ಷರ ಅಂತೆ! ಒಂದು ಗುಂಪಿನ ಅನ್ನ ಆ ಎರಡಕ್ಷರದಲ್ಲಿತ್ತು, ಇವರಿಗೆ ಅದು ನಗೆಪಾಟಲು. ಬಾಗಿಲ ಕಡೆ ತಿರುಗಿ ನೋಡಿದೆ. ದೇವೀರಮ್ಮ ಆಗಲೇ ಹೊರಟುಹೋಗಿದ್ದರು.

ಸಭೆಯಿಂದ ನೇರ ಬಸ್ಸು ಹತ್ತಿ ಲೋಕೇಶನ ಅಂಗಡಿಗೆ ಹೋದೆ. "ಯಾರು ಹೇಳಿದ್ದು ನಿಂಗೆ ಅಕ್ಷರ ಸೇರಿಸೋಕೆ?" ಅಂತ ಕೌಂಟರಿಗೆ ಗುದ್ದಿದೆ. ಅವನಿಗೆ ನಾನು ಯಾಕೆ ಕೂಗುತ್ತಿದ್ದೇನೆ ಅನ್ನುವುದೇ ತಿಳಿಯಲಿಲ್ಲ.

"ಪ್ರೂಫ್ ಕೊಟ್ಟೆ ಮೇಡಂ. ಎಲ್ರಿಗೂ ಕೊಡ್ತೀನಲ್ಲ, ಅಂಗೇ ಸಾಹೇಬ್ರಿಗೂ ಕೊಟ್ಟೆ. ಅವ್ರು ಕೆಂಪು ಪೆನ್ನಲ್ಲಿ ಎರಡು ಕರೆಕ್ಷನ್ ಹಾಕುದ್ರು. ಇಲ್ಲಿ ಎರಡಕ್ಸರ ಸೇರ್ಸು, ಈ ಉದ್ದ ಕಡ್ಡಿ ಪೇಜ್ಗೆ ಇಡ್ಸಲ್ಲ, ತೆಗ್ದಾಕು ಅಂದ್ರು. ಹಾಕ್ದೆ, ತೆಗ್ದೆ. ಕಸ್ಟಮರ್ ಯೋಳುದ್ ಕರೆಕ್ಷನ್ ನಾನ್ ಮಾಡ್ದೆ ಇರಕ್ಕಾಯ್ತದಾ? ಮೊನ್ನೆ ಒಂದು ಲಗ್ನಪತ್ರಿಕೇಲಿ ಗಂಡಿನ್ ಹೆಸ್ರಿಗೆ ಚಿರಂಜೀವಿ ಬದ್ಲು ಸೌಭಾಗ್ಯವತಿ ಅಂತ ಬಿದ್ಬುಟ್ಟು, ಅವ್ರ್ ಮನೆಯೋರು ಒಡ್ಯಕ್ಕೇ ಬಂದಿದ್ರು."

"ಇದು ಲಗ್ನಪತ್ರಿಕೆ ಅಲ್ಲ ಕಣೋ! ಇದು ಯಂತ್ರ ಬರೆದ ಚಿತ್ರ. ಇದಕ್ಕೆ ಪ್ರೂಫೂ ಇಲ್ಲ, ಕರೆಕ್ಷನ್ನೂ ಇಲ್ಲ!"

"ನಂಗೆಂಗ್ ಗೊತ್ತಾಗ್ಬೇಕು ಮೇಡಂ? ನನ್ ಅಂಗ್ಡಿಗ್ ಬರೋದೆಲ್ಲ ಯಾರೋ ಒಬ್ರು ಬರ್ದಿದ್ದೇ" ಅಂದ.

ಅವನನ್ನು ಬೈದು ಫಲವಿರಲಿಲ್ಲ. ನನ್ನ ಹತ್ತಿರವಿದ್ದ ಫ್ಲಾಪಿಯಿಂದ ಮೊದಲಿನ ಚಿತ್ರವನ್ನೇ ಮತ್ತೆ ತೆಗೆದುಕೊಟ್ಟ, ಕಾಸು ಬೇಡ ಅಂದ. ಅದನ್ನು ಹಿಡಿದುಕೊಂಡು ಮಾರನೆಯ ದಿನ ಡಾಕ್ಟರ ಕೋಣೆಗೆ ನುಗ್ಗಿದೆ. ಹಾಳೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ ಅವರು. "ನೋಡಮ್ಮ, ಫಾರಂ ಅಂತ ಬರೆದರೆ ಕಂಪನಿ ಮುಚ್ಚತ್ತೆ. ಇಲ್ಲಿರೋ ಎಲ್ಲರ ಕೆಲಸ ಹೋಗತ್ತೆ. ಆ ಹೆಂಗಸರು ಎಲ್ಲಾದರೂ ಕೂಲಿ ಮಾಡ್ಕೋತಾರೆ. ನಾನು ಹೇಳಿದೀನಲ್ಲ, ವಿಜ್ಞಾನದಲ್ಲಿ ಸೆಂಟಿಮೆಂಟ್..." ಮುಂದಿನದನ್ನು ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಲ್ಯಾಬಿನ ಬೀಗದ ಕೈಯನ್ನು ಅವರ ಟೀ ಲೋಟದೊಳಕ್ಕೆ ಹಾಕಿ ಹೊರಗೆ ಬಂದೆ. ಟೀ ಅವರ ಅಂಗಿಯ ಮೇಲೆ ಹಾರಿದ್ದನ್ನು ನೋಡಿದೆ. ಆ ವರ್ಷ ನನಗೆ ಸಿಕ್ಕ ಸಂತೋಷ ಅಷ್ಟೇ.

ಹಾಳೆ ಹಿಡಿದು ಹಾರನಹಳ್ಳಿಗೆ ಹೋದೆ. ಮಾವನನ್ನು ಜಗಲಿಯ ಮೇಲೆ ಕೂರಿಸಿ ಗೆರೆ ಗೆರೆ ತೋರಿಸಿ ಹೇಳಿದೆ. ಅವನಿಗೆ ಅರ್ಥ ಮಾಡಿಸಲು ಅರ್ಧ ದಿನ ಹಿಡಿಯುತ್ತದೆ ಅಂದುಕೊಂಡಿದ್ದೆ. ಎರಡೇ ಮಾತಿಗೆ ತಲೆಯಾಡಿಸಿದ.

"ನಂಗ್ ಗೊತ್ತಿಲ್ವಾ ಮಗ? ಮನೆ ಇಂದ್ಗಡೆ ತುಂಡ್ ನೆಲಕ್ಕೆ ಫಾರಂ ಸಸಿ ನೆಟ್ಟೋಳು ನಿಮ್ಮತ್ತೆ. ದೇವೀರಮ್ಮ ಅತ್ಲಾಗ್ ತಲೇನೂ ಆಕಿರ್ನಿಲ್ಲ. ಅಲ್ಲೂ ಬಂದದೆ ನಂಜು."

"ಗೊತ್ತಿದ್ದೂ ಸಭೇಲಿ ನಕ್ಕೆಯಲ್ಲ ಮಾವ?"

"ಇನ್ನೇನ್ ಮಾಡ್ಲಿ? ಮುಂದುಲ್ ವರ್ಸ ಸಸಿಗೆ ಅವ್ನ್ ಗೇಟ್ಗೇ ಓಗ್ಬೇಕು ನಾವು. ಅವ್ನ್ ಇಂದೆ ಬಿದ್ರೆ ಸಸಿ ಕೊಟ್ಟಾನಾ? ನೆಡೋರು ಎಲ್ಲಾರ ಸಿಕ್ತಾರೆ. ಬುಡು ಅತ್ಲಾಗೆ."

ಡಾಕ್ಟರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆವತ್ತು ಮಾವನ ಮೇಲೆ ಬಂತು. ಡಾಕ್ಟರಿಗೆ ಕಳೆದುಕೊಳ್ಳಲು ಕುರ್ಚಿಯಿತ್ತು, ಇವನಿಗೇನಿತ್ತು? ಎಷ್ಟೋ ವರ್ಷ ಆ ಹೆಂಗಸರ ಕೈಗುಣದಿಂದ ಉಂಡವನು. ಅವನ ಮನೆಯಲ್ಲಿ ನೀರೂ ಕುಡಿಯದೆ ಎದ್ದು ಬಂದೆ. ಅತ್ತೆ ಹಿಂದೆಯೇ ಬೀದಿಯವರೆಗೂ ಓಡಿಬಂದು ಕರೆದಳು, ತಿರುಗಿ ನೋಡಲಿಲ್ಲ.

ಆ ಮುಂಗಾರಿನಲ್ಲಿ ದೇವೀರಮ್ಮನ ಗುಂಪಿಗೆ ಕಳೆ ಕೆಲಸ ಸಿಗಲಿಲ್ಲ. ಸೊಪ್ಪು ಮುರಿಯುವ ಕಾಲ ಬಂದಾಗಲೂ ಯಾರೂ ಹೇಳಿಕಳಿಸಲಿಲ್ಲ. ಕೊಡಗಿನ ಕಾಫಿ ತೋಟದ ಜೀಪು ಹತ್ತಿ ಹೋದರು ಅಂತ ಕೇಳಿದೆ. ಅಲ್ಲಿ ಜಿಗಣೆ, ಚಳಿ, ಕೂಲಿಗಳ ಲೈನ್ ಮನೆ. ಎಳೆ ಕೂಸಿದ್ದ ಇಬ್ಬರು ಹೋಗಲಾಗದೆ ಊರಲ್ಲೇ ಉಳಿದರಂತೆ, ಅವರು ಏನು ತಿಂದರೋ ನನಗೆ ಗೊತ್ತಿಲ್ಲ. ನಾನು ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ.

ಮುಂದಿನ ವರ್ಷ ನೆಡುವ ಕಾಲಕ್ಕೆ ಅತ್ತೆಯೇ ಮಿರ್ಲೆಗೆ ಬಂದಳು. ಮಾವ ದೇವೀರಮ್ಮನ ಗುಂಪನ್ನು ಮತ್ತೆ ಕರೆಸುತ್ತಿದ್ದಾನೆ, ಹೋದ ವರ್ಷ ಬೇರೆಯವರು ತೆಗೆದ ಕಳೆ, ಮುರಿದ ಸೊಪ್ಪು ಒಂದೂ ನೆಟ್ಟಗಾಗಲಿಲ್ಲ, ಸಿಟ್ಟು ಬಿಟ್ಟು ಬಾ ಅಂದಳು. ಹೋದೆ. ನ್ಯಾಯ ಕುಂಟುತ್ತಾದರೂ ಬಂತಲ್ಲ ಅಂತ ಒಳಗೊಳಗೇ ಹಿಗ್ಗಿಕೊಂಡೇ ಹೋದೆ.

ಬೆಳಗಿನ ಹೊತ್ತು, ಮಣ್ಣು ಹಸಿಯಾಗಿತ್ತು. ಹೊಲದ ಬದುವಿನ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ಅದರ ತುಂಬ ಸೋಪಿನ ನೀರು. ದೇವೀರಮ್ಮನೂ ಉಳಿದ ಹೆಂಗಸರೂ ಅದರ ಮುಂದೆ ಸಾಲಾಗಿ ನಿಂತಿದ್ದರು. ಮಾವ ಪಕ್ಕದಲ್ಲಿ ನಿಂತು, "ಮೊಣಕೈಗಂಟ ತೊಳೀರಿ, ಸಂಚಿ ಇಲ್ಲೇ ಬುಡಿ" ಅಂತ ಒಬ್ಬೊಬ್ಬರಿಗೂ ಹೇಳುತ್ತಿದ್ದ. ಅಲ್ಲೇ ಆಚೆಗೆ ಕಂಪನಿಯ ಟೆಂಪೋ ನಿಂತಿತ್ತು. ಅದೇ ಫಾರಮ್ಮಿನ ಸೂಪರ್‌ವೈಸರ್ ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡು, ಆ ಒಣ ಸೊಪ್ಪು ಮುಟ್ಟಿದ ಬೆರಳುಗಳಿಂದಲೇ ಸಸಿಗಳನ್ನು ಸವರಿ ಸವರಿ ಟ್ರೇ ಇಳಿಸುತ್ತಿದ್ದ. ಅವನಿಗೆ ಕೈ ತೊಳಿ ಅನ್ನುವವರು ಯಾರೂ ಇರಲಿಲ್ಲ.

"ಇದೇನ್ ಮಾವ ಇದು?" ಅಂದೆ.

"ಡಾಕ್ಟ್ರು ಯೋಳವ್ರೆ. ಇವ್ರನ್ನ ಕರುಸ್ಬೇಕಾದ್ರೆ ಇಂಗ್ ಮಾಡುಸ್ಬೇಕಂತೆ. ಊರೋರ್ ಕಣ್ಗೂ ಒಂದ್ ಸಮಾಧಾನ."

ನನ್ನೊಳಗೆ ಏನಾಯಿತೋ ಕಾಣೆ. ನಾಲ್ಕು ಹೆಜ್ಜೆ ಓಡಿಹೋಗಿ ಆ ಬಕೆಟ್ಟಿಗೆ ಒದ್ದೆ. ನೀರೆಲ್ಲ ನೊರೆನೊರೆಯಾಗಿ ಸಾಲಿನೊಳಕ್ಕೆ ಹರಿಯಿತು. ಮಾವ ಪಂಚೆ ಎತ್ತಿಕೊಂಡು ಹಿಂದಕ್ಕೆ ಹಾರಿದ, ಸೂಪರ್‌ವೈಸರನ ಸಿಗರೇಟು ಬಾಯಿಂದ ಬಿತ್ತು. "ಯಾರೂ ತೊಳೀಬೇಡಿ! ತೊಳೀಬೇಕಾದೋನು ಅಲ್ಲಿ ನಿಂತವ್ನೆ!" ಅಂತ ಗಂಟಲು ಹರಿಯುವಂತೆ ಕೂಗಿದೆ.

ದೇವೀರಮ್ಮ ಬಗ್ಗಿ ಉರುಳಿಬಿದ್ದ ಬಕೆಟ್ಟನ್ನು ಎತ್ತಿಕೊಂಡರು. ಹೊಲದ ಆ ತುದಿಯಲ್ಲಿದ್ದ ಬೋರ್‌ವೆಲ್ಲಿನ ಕಡೆ ಒಮ್ಮೆ ನೋಡಿದರು, ಮೇಲೇರುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿದರು, ಆಮೇಲೆ ನನ್ನನ್ನು.

"ಏನ್ ಕೆಲ್ಸ ಮಾಡುದ್ರಿ ಕಣವ್ವ" ಅಂದರು. "ಒಂದ್ ವರ್ಸ ಆದ್ಮೇಲೆ ಕರುದವ್ರೆ ನಮ್ಮ. ಬಿಸ್ಲು ಏರಕ್ ಮುಂಚೆ ಸಾಲು ಇಡೀಬೇಕು. ಈಗ ನಿಮ್ ಸಿಟ್ಗೂ ನಾವೇ ನೀರ್ ಒರ್ಬೇಕಾ?"